ತೊಂಬತ್ನಾಲ್ಕು ಅಂಕದ ಎಲುಬು

ದಾವಲಸಾಬ ಬಿದ್ದು ತೊಡೆಯ ಎಲುಬು ಮುರಿದುಕೊಂಡನೆಂದು ಓಣಿಯೆಲ್ಲ ಮಾತಾಯಿತು. ರಾಚೋಟೆಪ್ಪನೊಬ್ಬ ಅದನ್ನು ಒಪ್ಪಲಿಲ್ಲ. ಮೊದಲು ಎಲುಬು ಮುರಿಯಿತು, ಆಮೇಲೆ ದಾವಲಸಾಬ ಬಿದ್ದ ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ.

ಅವನು ಅಲ್ಲೇ ಎದುರಿಗೆ ಕೂತಿದ್ದ. ಹುಬ್ಬಳ್ಳಿಯ ನಿವೃತ್ತ ರೈಲ್ವೆ ಕಾರ್ಮಿಕರ ಸಂಘದ ಕೋಣೆಯಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾಲ್ವರು ಇಸ್ಪೀಟು ಆಡುತ್ತಿದ್ದರು. ದಾವಲಸಾಬ ಎಲೆಗಳನ್ನು ಬೋರಲು ಹಾಕಿ, “ನನ್ನ ಎಲಿ ನೋಡಬ್ಯಾಡ್ರಿ ಮತ್ತ, ನೀರು ಕುಡದು ಬರ್ತೇನಿ” ಎಂದು ಕುರ್ಚಿಯಿಂದ ಎದ್ದ. ಪೂರ್ತಿ ಎದ್ದು ನಿಂತಿರಲೂ ಇಲ್ಲ. ಒಣಗಿದ ಜೋಳದ ದಂಟನ್ನು ಮೊಣಕಾಲಿಗೆ ಕೊಟ್ಟು ಮುರಿದಂಥ ಸದ್ದು ಬಂತು. ಅವನ ಮುಖದಲ್ಲಿ ನೋವಿಗಿಂತ ಮೊದಲು ಆಶ್ಚರ್ಯ ಕಂಡಿತು. ಆಮೇಲೆ ಬಿದ್ದ.

ರಾಚೋಟೆಪ್ಪ ಮೂವತ್ನಾಲ್ಕು ವರ್ಷ ರೈಲುಗಾಲಿಗಳನ್ನು ಉದ್ದ ಹಿಡಿಕೆಯ ಸುತ್ತಿಗೆಯಿಂದ ಬಡಿದು, ಸದ್ದಿನಿಂದಲೇ ಬಿರುಕು ಪತ್ತೆ ಮಾಡುವ ಕೆಲಸದಲ್ಲಿದ್ದವನು. ಎಪ್ಪತ್ತೆರಡರಲ್ಲೂ ಕಿವಿ ಚುರುಕು. ಯಾವ ಸದ್ದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅನುಮಾನ ಬಂದದ್ದು ಬೇರೆಯದರ ಮೇಲೆ. ನೆಲದ ಮೇಲೆ ನರಳುತ್ತಿದ್ದ ದಾವಲಸಾಬನ ಅಂಗಿ ಸರಿದು ಸೊಂಟದ ಪಟ್ಟಿ ಕಾಣುತ್ತಿತ್ತು. ಅದರಲ್ಲಿ ಹಸಿರು ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಅಂಕ: ತೊಂಬತ್ನಾಲ್ಕು.

ಆ ಪಟ್ಟಿ ಬಂದು ಐದು ವರ್ಷವಾಗಿತ್ತು. ಎಲುಬು ಸವೆಯುವುದು ಹೆಂಗಸರ ಕಾಯಿಲೆ ಎಂದು ಅಲ್ಲಿಯತನಕ ಎಲ್ಲರೂ ತಿಳಿದಿದ್ದರು. ಸೊಂಟ ಮುರಿದ ಮೇಲೆ ವರ್ಷದೊಳಗೆ ಸಾಯುವವರಲ್ಲಿ ಮುದುಕಿಯರಿಗಿಂತ ಮುದುಕರೇ ಹೆಚ್ಚೆಂದು ಗೊತ್ತಾದಾಗ ಸರ್ಕಾರ ಗಾಬರಿಬಿದ್ದು ‘ಅಸ್ಥಿರಕ್ಷೆ’ ಯೋಜನೆ ತಂದಿತು. ಅದನ್ನು ನಡೆಸುವ ಹೊಣೆ ‘ಮೇರುಬಲ’ ಎಂಬ ಸಂಸ್ಥೆಗೆ ಹೋಯಿತು. ಅರವತ್ತೈದು ದಾಟಿದ ಪ್ರತಿ ಗಂಡಸೂ ಸೊಂಟಕ್ಕೆ ಪಟ್ಟಿ ಕಟ್ಟಬೇಕು. ತಿಂಗಳ ಮೊದಲ ಸೋಮವಾರ ಅದು ಒಂದು ನಿಮಿಷ ಗುಂಯ್‌ಗುಡುತ್ತ, ಹೊಟ್ಟೆಯ ಕಡೆಯಿಂದ ಬೆನ್ನಿನ ಕಡೆಗೆ ಅತಿ ಮಂದವಾದ ಕ್ಷಕಿರಣ ಹಾಯಿಸಿ ಬೆನ್ನೆಲುಬಿನಲ್ಲಿ ಸುಣ್ಣ ಎಷ್ಟಿದೆ ಎಂದು ಅಳೆಯುತ್ತಿತ್ತು. ಸುಣ್ಣ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಎಪ್ಪತ್ತೈದರ ಮೇಲೆ ಹಸಿರು, ಐವತ್ತರ ಮೇಲೆ ಹಳದಿ, ಅದರ ಕೆಳಗೆ ಕೆಂಪು. ಕೆಂಪು ದೀಪದವನು ಸ್ಕೂಟರು ಓಡಿಸುವಂತಿಲ್ಲ, ಜತೆಗೊಬ್ಬರಿಲ್ಲದೆ ಬಸ್ಸು ಹತ್ತುವಂತಿಲ್ಲ.

ಜನ ಅದಕ್ಕೆ ಉಡಿದಾರ ಎಂದು ಹೆಸರಿಟ್ಟರು. ಹಸಿರಿನವರು ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿ ದೀಪ ಕಾಣುವ ಹಾಗೆ ಓಡಾಡಿದರು. ಕೆಂಪಿನವರು ಬೇಸಿಗೆಯಲ್ಲೂ ಶಾಲು ಹೊದ್ದರು. ಒಬ್ಬನಂತೂ ಪಟ್ಟಿಯನ್ನು ತನ್ನ ಪೈಲ್ವಾನ ತಮ್ಮನ ಸೊಂಟಕ್ಕೆ ಕಟ್ಟಿ ಸಿಕ್ಕಿಬಿದ್ದ. “ನಮಗೇನು ಎಲುಬು ಇಲ್ಲೇನು? ನಿಮಗಷ್ಟ ದೀಪಾ ಹಚ್ಯಾರ” ಎಂದು ರಾಚೋಟೆಪ್ಪನ ಹೆಂಡತಿ ಚನ್ನವ್ವ ನಗುತ್ತಿದ್ದಳು. ನಕ್ಕರೂ ದಿನಕ್ಕೆರಡು ಸುಣ್ಣದ ಗುಳಿಗೆಯನ್ನು ಮರೆಯದೆ ಕೊಡುತ್ತಿದ್ದಳು. ಯೋಜನೆಯವರೇ ಮನೆಗೆ ಮುಟ್ಟಿಸುತ್ತಿದ್ದ ಗುಳಿಗೆ. ಎರಡು ವರ್ಷದಲ್ಲಿ ರಾಚೋಟೆಪ್ಪನ ಅಂಕ ಎಂಬತ್ತರಿಂದ ತೊಂಬತ್ಮೂರಕ್ಕೆ ಏರಿತ್ತು. ದಾವಲಸಾಬನಿಗಿಂತ ಒಂದು ಅಂಕ ಕಡಿಮೆ ಎಂಬ ಸಣ್ಣ ಬೇಸರವೂ ಅವನಿಗಿತ್ತು.

ಆ ಬೇಸರ ನೆನೆಸಿಕೊಂಡರೆ ಈಗ ಮೈ ಜುಮ್ಮೆನ್ನುತ್ತಿತ್ತು.

ಆಸ್ಪತ್ರೆಯಲ್ಲಿ ದಾವಲಸಾಬನ ತೊಡೆಗೆ ಸರಳು ಹಾಕಿದರು. ಒಂಬತ್ತನೆಯ ದಿನ ಮೂತ್ರ ನಿಂತಿತು. ಹನ್ನೆರಡನೆಯ ದಿನ ಹೋಗಿಬಿಟ್ಟ. ಕಿಡ್ನಿ ಕೈಕೊಟ್ಟವು ಎಂದರು ಡಾಕ್ಟರು.

“ಮುರದಿದ್ದು ತೊಡಿ. ಕಿಡ್ನಿ ಯಾಕ ಹೋಗ್ತಾವ್ರಿ?” ಎಂದು ರಾಚೋಟೆಪ್ಪ ಕೇಳಿದ. ವಯಸ್ಸಾಗಿತ್ತಲ್ಲ ಎಂದು ಅವರು ಮುಂದಿನ ರೋಗಿಯ ಕಡೆ ನಡೆದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ದಾವಲಸಾಬನ ಹೆಂಡತಿ ಹುಸೇನಬಿ ಅವನಿಗೆ ಹೇಳಿದಳು: “ಒಂದು ವರ್ಷದಿಂದ ಕಾಲು ಬಾಯ್ತಿದ್ದವು ಅಣ್ಣಾ. ಚಪ್ಪಲಿ ಹಿಡೀತಾವ ಅಂತ ಒಂದು ನಂಬರ್ ದೊಡ್ಡದು ತಂದಿದ್ರು. ಉಡಿದಾರ ಹಸಿರ ಐತಿ, ನನಗೇನಾಗತೈತಿ ಅಂತಿದ್ರು.”

ಮಣ್ಣಾದ ವಾರಕ್ಕೆ ಮೇರುಬಲ ಸಂಸ್ಥೆಯ ಅಧಿಕಾರಿ ನಿರಂಜನ ರಾಚೋಟೆಪ್ಪನ ಮನೆಗೆ ಬಂದ. ಮೈಸೂರು ಕಡೆಯವನು, ನಲವತ್ತರ ಒಳಗಿನ ವಯಸ್ಸು, ಮಾತು ನಯ. ಚನ್ನವ್ವ ಕೊಟ್ಟ ಚಹಾ ಕುಡಿದು, ಒಂದು ಹಾಳೆಯನ್ನು ಮೇಜಿನ ಮೇಲಿಟ್ಟ.

“ನೀವು ಪ್ರತ್ಯಕ್ಷ ಕಂಡವರು. ಸಂಘದ ಕೋಣೆಯ ನೆಲದ ಮೇಲೆ ನೀರು ಚೆಲ್ಲಿತ್ತು, ಕಾಲು ಜಾರಿ ಬಿದ್ದರು ಅಂತ ಇದೆ. ಒಂದು ಸಹಿ ಹಾಕಿದರೆ ಸಾಕು.”

“ನೀರು ಚೆಲ್ಲಿರಲಿಲ್ಲ. ಅಂವ ನೀರಿಗೆ ಹೋಗಾಕಂತನ ಎದ್ದಿದ್ದ.”

“ನಿಮಗೆ ಸರಿಯಾಗಿ ನೆನಪಿದೆಯಾ?”

“ನೆನಪು ಹಾರಿದ್ರ ನಾ ರೈಲ್ವೆದಾಗ ಮೂವತ್ನಾಲ್ಕು ವರ್ಷ ಉಳೀತಿರಲಿಲ್ಲ ಸಾಹೇಬ್ರ.”

ನಿರಂಜನ ಸಿಟ್ಟಾಗಲಿಲ್ಲ. ಹಾಳೆಯನ್ನು ಮಡಚಿಟ್ಟುಕೊಂಡು, ಒಮ್ಮೆ ತಮ್ಮ ನಿಯಂತ್ರಣ ಕೊಠಡಿಗೆ ಬಂದು ಎಲ್ಲ ಕಣ್ಣಾರೆ ನೋಡಬೇಕೆಂದು ಕೈಮುಗಿದು ಕರೆದ. “ಹೇಗೂ ನಿಮ್ಮ ಮಗಳೂ ಅಲ್ಲೇ ಇದ್ದಾರಲ್ಲ” ಎಂದ.

ಮಗಳು ಸುವರ್ಣಾ ಆ ಕೊಠಡಿಯಲ್ಲಿ ನಾಲ್ಕು ವರ್ಷದಿಂದ ಕೆಲಸದಲ್ಲಿದ್ದಳು. ಲ್ಯಾಬ್ ತಂತ್ರಜ್ಞಾನ ಓದಿದವಳು. ಗಂಡ ಸೊಲ್ಲಾಪುರದಲ್ಲಿ ನೌಕರಿಯಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹಾಗಾಗಿ ತವರಿನಲ್ಲೇ ಇದ್ದಳು. ನಿರಂಜನ ಹೋದ ಮೇಲೆ ರಾಚೋಟೆಪ್ಪ ನಡೆದದ್ದನ್ನೆಲ್ಲ ಹೇಳಿದಾಗ ಅವಳು “ಸಹಿ ಮಾಡಬ್ಯಾಡ” ಎಂದಷ್ಟೇ ಹೇಳಿ ಒಳಗೆ ಹೋದಳು. ದಾವಲ ಕಾಕಾನ ಹೆಗಲ ಮೇಲೆ ಕೂತು ಬೆಳೆದ ಹುಡುಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಲ್ಲ ಎಂದು ರಾಚೋಟೆಪ್ಪನ ಮನಸ್ಸಿಗೆ ಚುಚ್ಚಿತು.

ಒಮ್ಮೆ ಹೊಕ್ಕ ಸಂಶಯ ಮನೆಯ ಮೂಲೆಮೂಲೆಗೂ ಹರಿದಾಡತೊಡಗಿತು. ಸುವರ್ಣಾ ಅಡುಗೆಮನೆಯಲ್ಲಿ ತಾಯಿಯ ಜತೆ ಪಿಸುಗುಡುತ್ತಿದ್ದಳು. ಅವನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಮೂರು ತಿಂಗಳ ಹಿಂದೆ ಸಕ್ಕರೆ ನೋಡಬೇಕೆಂದು ಅವನ ರಕ್ತ ತೆಗೆದಿದ್ದಳು; ಈಗ ಮತ್ತೆ ತೆಗೆದಳು. ಊಟಕ್ಕೆ ಕೂತರೆ ಅವಳ ಕಣ್ಣು ಅವನ ಪಾದದ ಗಂಟಿನ ಮೇಲೆ. ಮೊಣಕಾಲು ನೋವಿಗೆಂದು ಹತ್ತು ವರ್ಷದಿಂದ ನುಂಗುತ್ತಿದ್ದ ಗುಳಿಗೆ ಕಪಾಟಿನಿಂದ ಕಾಣೆಯಾಯಿತು. ಸುಣ್ಣದ ಗುಳಿಗೆಯ ಡಬ್ಬಿ ಅಲ್ಲೇ ಇತ್ತು, ಆದರೆ ಒಳಗಿನ ಗುಳಿಗೆ ಬೇರೆ. ಮೊದಲಿನದು ನಾಲಿಗೆಗೆ ಸೀಮೆಸುಣ್ಣದಂತೆ ಹತ್ತುತ್ತಿತ್ತು, ಇದು ಸಿಹಿ.

“ಗುಳಿಗಿ ಬದಲಾಗ್ಯಾವಲ್ಲ?” ಎಂದು ಹೆಂಡತಿಯನ್ನು ಕೇಳಿದ.

“ಹೊಸಾವು ಬಂದಿರಬೇಕ್ರಿ” ಎಂದಳು ಚನ್ನವ್ವ, ಮುಖ ತಿರುಗಿಸಿಕೊಂಡು. ನಲವತ್ತೈದು ವರ್ಷದಲ್ಲಿ ಅವಳಿಗೆ ಸುಳ್ಳು ಹೇಳಲು ಬಂದಿರಲಿಲ್ಲ.

ಆ ಭಾನುವಾರ ಸುವರ್ಣಾ ಸ್ನಾನಕ್ಕೆ ಹೋದಾಗ ಅವನು ಅವಳ ಚೀಲ ತೆರೆದ. ಮುಚ್ಚಳದ ಶೀಶೆಯೊಂದು ಸಿಕ್ಕಿತು. ಅದರ ಮೇಲೆ ಅವನದೇ ಹೆಸರು. ಬೆಳಿಗ್ಗೆ ಬಚ್ಚಲಿನಲ್ಲಿ ಪರೀಕ್ಷೆಗೆಂದು ಹಿಡಿಸಿಕೊಂಡಿದ್ದ ಮೂತ್ರ, ಸಕ್ಕರೆಗೇ ಅಂದಿದ್ದಳು. ಶೀಶೆಯ ಕೆಳಗೊಂದು ಹಾಳೆ. ಮೇಲೆ ‘ಮೂತ್ರಪಿಂಡ’ ಎಂದು ಬರೆದು, ಕೆಳಗೆ ಮೂವತ್ತೊಂದು ಹೆಸರು. ಮೊದಲನೆಯದು ದಾವಲಸಾಬ ನದಾಫ, ಎದುರಿಗೆ ಅಡ್ಡಗೀಟು. ಎರಡನೆಯದು ಅವನದು.

ಸತ್ತವನ ಹೆಸರಿನ ಕೆಳಗೆ ತನ್ನ ಹೆಸರು ಕಂಡು ಅವನು ಹಾಳೆಯನ್ನು ಇದ್ದ ಹಾಗೇ ಚೀಲದೊಳಗಿಟ್ಟ. ಇವರು ಮುದುಕರ ಮೇಲೆ ಏನೋ ಪ್ರಯೋಗ ಮಾಡುತ್ತಿದ್ದಾರೆ, ಅದಕ್ಕೆ ತನ್ನ ಮಗಳೇ ಕೈಜೋಡಿಸಿದ್ದಾಳೆ ಎಂದೇ ಅವನಿಗೆ ಅನಿಸಿತು.

ಸೋಮವಾರ ಬೆಳಿಗ್ಗೆ ಹೇಳದೆ ಕೇಳದೆ ಮೇರುಬಲದ ಕಟ್ಟಡಕ್ಕೆ ಹೋದ. ನಿರಂಜನ ಬಾಗಿಲಿಗೇ ಬಂದು ಕರೆದುಕೊಂಡು ಹೋದ. ನಿಯಂತ್ರಣ ಕೊಠಡಿಯೆಂದರೆ ಸಿನಿಮಾ ಟಾಕೀಸಿನಷ್ಟು ದೊಡ್ಡ ಹಾಲು, ತಂಪು, ಮುಂದಿನ ಗೋಡೆಯ ತುಂಬ ಜಿಲ್ಲೆಯ ನಕ್ಷೆ. ನಕ್ಷೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಬಹುಪಾಲು ಹಸಿರು. ಸಾಲು ಮೇಜುಗಳಲ್ಲಿ ಕೂತವರ ನಡುವೆ ಸುವರ್ಣಾ ಕಂಡಳು. ಅಪ್ಪನನ್ನು ನೋಡಿದವಳು ಗುರುತಿಲ್ಲದವಳಂತೆ ಪರದೆಯ ಕಡೆ ತಿರುಗಿದಳು. ಪಕ್ಕದಲ್ಲಿ ಅವಳ ಗೆಳತಿ ಮಂಜುಳಾ. ಹಬ್ಬಕ್ಕೆ ಮನೆಗೆ ಬಂದು ಹೋಗುವವಳು. ಅವಳೂ ತಲೆ ತಗ್ಗಿಸಿದಳು.

“ಐದು ವರ್ಷದಲ್ಲಿ ಹಸಿರು ದೀಪದ ಒಬ್ಬರಿಗೂ ತಾನಾಗಿ ಎಲುಬು ಮುರಿದಿಲ್ಲ” ಎಂದ ನಿರಂಜನ. “ಇದು ದೇಶದಲ್ಲೇ ಮೊದಲು.”

“ದಾವಲಸಾಬ ಎಲ್ಲದಾನ ತೋರಸ್ರಿ.”

ನಿರಂಜನ ಹುಡುಕಿಸಿದ. ಆ ಹೆಸರಿನ ಚುಕ್ಕೆ ಇರಲಿಲ್ಲ.

“ಅಪಘಾತ ಆದವರನ್ನ ಲೆಕ್ಕದಿಂದ ತೆಗೆದುಬಿಡ್ತೀವಿ.”

“ಮುರದವರನ್ನ ತಗದ್ರ ಉಳಿದವರು ಮುರೀದವರ ಆಗ್ತಾರಲ್ಲ?”

ನಿರಂಜನ ಮುಗುಳ್ನಕ್ಕು ಅವನನ್ನು ತನ್ನ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದ. ಆ ನಗು ರಾಚೋಟೆಪ್ಪನ ನೆತ್ತಿಗೇರಿತು. ತಿಂಗಳಿಂದ ಒಳಗೇ ಕುದಿಯುತ್ತಿದ್ದದ್ದು ಬಾಯಿಗೆ ಬಂತು.

“ನೀವು ನಮ್ಮ ಮ್ಯಾಲೆ ಏನು ಪರೀಕ್ಷಾ ನಡಸೀರಿ? ನನ್ನ ಮಗಳು ನನ್ನ ರಕ್ತಾ ತಗೀತಾಳ, ಉಚ್ಚಿ ಶೀಶೆದಾಗ ಒಯ್ತಾಳ, ಗುಳಿಗಿ ಬದಲು ಮಾಡ್ಯಾಳ. ಮೂತ್ರಪಿಂಡ ಅಂತ ಬರದು ಹೆಸರು ಪಟ್ಟಿ ಮಾಡ್ಯಾಳ. ದಾವಲಸಾಬಂದು ಮದ್ಲ, ಅದರ ಬುಡಕ ನಂದು. ಯಾರು ಹೇಳಿ ಮಾಡಸ್ಯಾರ ಇದನ್ನ? ನೀವ ಹೌದಲ್ಲೊ?”

ನಿರಂಜನನ ಮುಖದ ನಗು ಹಾಗೇ ಇತ್ತು, ಕಣ್ಣಿನದು ಮಾತ್ರ ಹೋಗಿತ್ತು. “ಪಟ್ಟಿಯಲ್ಲಿ ಎಷ್ಟು ಹೆಸರಿತ್ತು?” ಎಂದು ಕೇಳಿದ.

“ಮೂವತ್ತೊಂದು.”

“ಗಾಬರಿಯಾಗಬೇಡಿ. ನಮ್ಮದೇ ಒಂದು ಸಣ್ಣ ಅಧ್ಯಯನ” ಎಂದು ಅವನು ರಾಚೋಟೆಪ್ಪನನ್ನು ಬಾಗಿಲ ತನಕ ಕಳಿಸಿಕೊಟ್ಟ. ಮೆಟ್ಟಿಲಿಳಿಯುವಾಗಲೇ ರಾಚೋಟೆಪ್ಪನಿಗೆ ಹೊಳೆಯಿತು. ಅಧ್ಯಯನ ಇವರದೇ ಆಗಿದ್ದರೆ ಹೆಸರೆಷ್ಟು ಎಂದು ಇವನು ನನ್ನನ್ನೇಕೆ ಕೇಳಿದ?

ಮಧ್ಯಾಹ್ನ ಎರಡು ಗಂಟೆಗೆ ಸುವರ್ಣಾ ಮನೆಗೆ ಬಂದಳು. ಆ ಹೊತ್ತಿಗೆ ಅವಳು ಬಂದದ್ದೇ ಇಲ್ಲ. ಕೈಯಲ್ಲಿ ಊಟದ ಡಬ್ಬಿ ಮಾತ್ರ. ಚೀಲವನ್ನು ಬಾಗಿಲಲ್ಲಿ ಕಸಿದುಕೊಂಡು ತಡಕಾಡಿ, ಹಾಳೆ ಶೀಶೆ ಎಲ್ಲ ಇಟ್ಟುಕೊಂಡು, ಕೆಲಸದಿಂದ ತೆಗೆದಿದ್ದೇವೆಂದು ಕಳಿಸಿದ್ದರು. ಅವಳು ಅಳಲಿಲ್ಲ. ಅಪ್ಪನೆದುರು ನೆಲದ ಮೇಲೆ ಕೂತಳು.

“ಅಪ್ಪಾ, ಇನ್ನ ಮುಚ್ಚಿಡೂದು ಏನೂ ಉಳದಿಲ್ಲ. ನಿನ್ನ ಕಿಡ್ನಿ ನೂರಕ್ಕ ಇಪ್ಪತ್ತೊಂಬತ್ತರಷ್ಟ ಕೆಲಸಾ ಮಾಡಾಕತ್ತಾವ.”

ಚನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಮೊದಲೇ ಗೊತ್ತಿತ್ತೆಂದು ರಾಚೋಟೆಪ್ಪನಿಗೆ ತಿಳಿಯಿತು.

“ನಂದು ಹಸಿರ ಐತಲ್ಲ” ಎಂದ. ಅವನಿಗೇ ಆ ಮಾತು ಪೆದ್ದು ಪೆದ್ದಾಗಿ ಕೇಳಿಸಿತು.

“ಅದ ನನಗೂ ಸಂಶೇ ಬಂದಿದ್ದು. ಎಪ್ಪತ್ತು ದಾಟಿದವರ ಎಲುಬು ಅಷ್ಟು ಜಲ್ದಿ ಗಟ್ಟಿ ಆಗಾಕ ಸಾಧ್ಯನ ಇಲ್ಲ. ಯಾರ ಅಂಕ ಭಾಳ ಏರಿತ್ತೊ ಅವರ ಹೆಸರು ಒಂದೊಂದ ಗ್ವಾಡಿ ಮ್ಯಾಲಿಂದ ಅಳಸಿ ಹೋಗಾಕತ್ತಿದ್ವು. ಹುಡುಕಿದ್ರ ಎಲ್ಲಾರೂ ಮುರಕೊಂಡವರು, ಇಲ್ಲಾ ಸತ್ತವರು.” ಸುವರ್ಣಾ ಒಂದು ಉಸಿರು ತೆಗೆದುಕೊಂಡಳು. “ಎಲುಬು ನೆಟ್ಟಗಿರಬೇಕಂದ್ರ ಕಿಡ್ನಿ ನೆಟ್ಟಗಿರಬೇಕು ಅಪ್ಪಾ. ಬಿಸಲಿನಿಂದ ಮೈಯಾಗ ಹುಟ್ಟೂ ವಿಟಮಿನ್ ಡಿ ಐತಲ್ಲ, ಅದನ್ನ ಹದಾ ಮಾಡಿ ಕೆಲಸಕ್ಕ ಹಚ್ಚೂದು ಕಿಡ್ನಿ. ಹೆಚ್ಚಾಗಿದ್ದ ಫಾಸ್ಫೇಟ್ ಹೊರಗ ಹಾಕೂದೂ ಅದ. ಕಿಡ್ನಿ ಸೋತ್ರ ಎರಡೂ ಕೆಡ್ತಾವ. ಆವಾಗ ಕುತ್ತಿಗಿಯಾಗಿನ ಸಣ್ಣ ಗ್ರಂಥಿಗೋಳು ಗಾಬರಿ ಆಗಿ ಎಲುಬಿನೊಳಗಿಂದ ಸುಣ್ಣಾ ಕೀಳಾಕ ಹತ್ತತಾವ.”

“ಸುಣ್ಣಾ ಕಿತ್ರ ಅಂಕ ಇಳೀಬೇಕು. ನಂದು ಏರೇತಿ.”

“ಕಿತ್ತ ಸುಣ್ಣಾ ಹೋಗಿ ರಕ್ತನಾಳದ ಗ್ವಾಡಿಗೆ ಹತ್ತೇತಿ. ಬೆನ್ನೆಲುಬಿನ ಮುಂದ ಒಂದು ದೊಡ್ಡ ನಾಳ ಇಳೀತೈತಿ. ಉಡಿದಾರ ಹೊಟ್ಟಿ ಕಡಿಯಿಂದ ನೋಡತೈತಿ. ನಾಳದಾಗಿನ ಸುಣ್ಣಾ, ಎಲುಬಿನ ಸುಣ್ಣಾ ಅದಕ್ಕ ಎರಡೂ ಒಂದ. ಎಲುಬು ಟೊಳ್ಳಾದಂಗೆಲ್ಲಾ ಅಂಕ ಏರತೈತಿ. ಮ್ಯಾಲಿಂದ ದಿನಾ ಎರಡು ಸುಣ್ಣದ ಗುಳಿಗಿ ಬ್ಯಾರೆ. ಅದಕ್ಕ ನಾ ಅವನ್ನ ಬದಲು ಮಾಡಿದೆ, ಕಿಡ್ನಿಗೆ ಕೆಟ್ಟದ್ದಂತ ಮೊಣಕಾಲಿನ ಗುಳಿಗೀನೂ ತಗದಿಟ್ಟೆ.”

“ಯೋಜನೆಯವರ ಆರೋಗ್ಯ ಕ್ಯಾಂಪಿನ್ಯಾಗ ಕಿಡ್ನಿ ಸರಿ ಅದಾವ ಅಂದಿದ್ರು.”

“ಅವರು ನೋಡೂದು ಸ್ನಾಯುವಿನಿಂದ ಹುಟ್ಟೂ ಒಂದು ಕಸಾನ. ವಯಸ್ಸಾದ ಗಂಡಸರಿಗೆ ಸ್ನಾಯು ಕರಗಿರ್ತಾವ, ಕಸಾ ಹುಟ್ಟೂದ ಕಮ್ಮಿ. ಹಿಂಗಾಗಿ ಹೊರಗ ಹೋಗದಿದ್ರೂ ಸರಿ ಕಾಣತೈತಿ. ನಾ ಸ್ನಾಯುವಿನ ಹಂಗಿಲ್ಲದ ಬ್ಯಾರೆ ಪರೀಕ್ಷಾ ಮಾಡಿಸಿದೆ. ಮೂರು ತಿಂಗಳ ಅಂತರದಾಗ ಎರಡು ಸಲ ನೋಡಿದ್ರನ ಖಾತ್ರಿ. ನಿನಗ ಮದ್ಲ ಹೇಳಿದ್ರ ನೀ ಸಂಘದಾಗ ಹೋಗಿ ಒದರ್ತಿದ್ದಿ. ಎಲ್ಲಾರದೂ ಕೈಗೆ ಬಂದ ಮ್ಯಾಲೆ ಸರ್ಕಾರಕ್ಕ ಕೊಡಬೇಕಂತಿದ್ದೆ. ಇವತ್ತ ಎಲ್ಲಾ ಹೋತು.”

ಅವಳು ಎದ್ದು ನಿಂತಳು. “ಆ ಹೆಸರಿನ ಪಟ್ಟಿ ಸುದ್ದಿ ಮಂಜುಳಾಗಷ್ಟ ಗೊತ್ತಿತ್ತು. ಅಕೀನ ಹೇಳ್ಯಾಳ. ಎಂಟು ವರ್ಷದ ಗೆಳೆತನ ನೋಡು.”

ನಾನು ಹೇಳಿದೆ ಎನ್ನಲು ರಾಚೋಟೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ಸುವರ್ಣಾ ಒಳಗೆ ಹೋಗಿದ್ದಳು.

ನಾಳೆ ಹೇಳಿದರಾಯಿತು ಅಂದುಕೊಂಡ. ಮರುದಿನ ಮಂಜುಳಾ ಮನೆಗೆ ಬಂದಳು. ಸುವರ್ಣಾ ಅವಳ ಮುಖದ ಮೇಲೆ ಬಾಗಿಲು ಹಾಕಿದಳು. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಬಂದಳು, ಆಗಲೂ ಅಷ್ಟೇ. ಎರಡು ಸಲವೂ ರಾಚೋಟೆಪ್ಪ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಅವಳು ತಿರುಗಿ ಹೋಗುವುದನ್ನು ನೋಡಿದ. ಹೇಳದೆ ಉಳಿದ ದಿನಗಳು ಹೆಚ್ಚಾದ ಹಾಗೆ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಆದರೆ ಸುಮ್ಮನೆ ಕೂರಲೂ ಆಗಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ ಎಲುಬು ನಾಳ ಬೇರೆ ಬೇರೆ ಕಾಣುವಂತೆ ಬೆನ್ನಿನ ಕ್ಷಕಿರಣ ಚಿತ್ರವನ್ನು ಪಕ್ಕದಿಂದ ತೆಗೆಸಿಕೊಂಡ. ಅದನ್ನು ಹಿಡಿದು ಸಂಘದ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿ, ಮಗಳು ಹೇಳಿದ್ದನ್ನು ತನಗೆ ತಿಳಿದಷ್ಟು ಹೇಳಿದ.

ಯಾರೂ ನಂಬಲಿಲ್ಲ. “ಮಗಳನ್ನ ಕೆಲಸದಿಂದ ತಗದಾರಂತ ಈ ಕತಿ ಕಟ್ಟೀಯೇನು?” ಎಂದನೊಬ್ಬ. “ನಮ್ಮ ಹಸಿರಿನ ಮ್ಯಾಲೆ ನಿನ್ನ ಕಣ್ಣು ಯಾಕ?” ಎಂದ ಇನ್ನೊಬ್ಬ. ಮೂವತ್ತು ವರ್ಷ ಜತೆಗೆ ದುಡಿದವರು ತನ್ನನ್ನು ಓರೆಗಣ್ಣಿನಿಂದ ನೋಡುವಾಗ ರಾಚೋಟೆಪ್ಪನಿಗೆ ತಾನು ಮಗಳನ್ನು ನೋಡಿದ್ದ ನೋಟದ ನೆನಪಾಯಿತು. ಅವನು ಸೊಂಟದ ಪಟ್ಟಿಯ ಕೊಂಡಿ ಬಿಚ್ಚಿ ಮೇಜಿನ ಮೇಲಿಟ್ಟ. ಬಿಚ್ಚಿದ ಕೂಡಲೇ ಅದು ಕೆಂಪಾಗಿ ಕೂಗತೊಡಗಿತು. ಆದರೂ ಯಾರೂ ಅಲುಗಲಿಲ್ಲ.

ಅಷ್ಟು ಹೊತ್ತು ಬಾಗಿಲ ಹೊರಗೆ ನಿಂತಿದ್ದ ಹುಸೇನಬಿ ಒಳಗೆ ಬಂದಳು. ಗಂಡಸರ ಆ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಆಸ್ಪತ್ರೆಯವರು ಕೊಟ್ಟ ದೊಡ್ಡ ಲಕೋಟೆಯಿಂದ, ಬಿದ್ದ ದಿನ ಪಕ್ಕದಿಂದ ತೆಗೆದಿದ್ದ ಗಂಡನ ಬೆನ್ನಿನ ಚಿತ್ರ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ರಾಚೋಟೆಪ್ಪ ತನ್ನದನ್ನು ಪಕ್ಕಕ್ಕೆ ಹಿಡಿದ. ಎರಡರಲ್ಲೂ ಬೆನ್ನೆಲುಬು ತೆಳು ಬೂದಿಯ ಹಾಗೆ ಮಾಸಲು. ಅದರ ಮುಂದೆ ಇಳಿಯುವ ನಾಳ ಮಾತ್ರ ಸುಣ್ಣ ಬಳಿದ ಕೊಳವೆಯಂತೆ ಬೆಳ್ಳಗೆ.

“ನಮ್ಮವರದ್ದೂ ಹಸಿರ ಇತ್ತು” ಎಂದಳು ಹುಸೇನಬಿ. “ಮಣ್ಣು ಮಾಡೂಕಿಂತ ಮದ್ಲ ನಾನ ಬಿಚ್ಚೇನಿ ಅದನ್ನ.”

ಮರುದಿನ ಸರ್ಕಾರಿ ಆಸ್ಪತ್ರೆಯ ಲ್ಯಾಬಿನ ಮುಂದೆ ನಲವತ್ತಾರು ಮುದುಕರು ಶೀಶೆ ಹಿಡಿದು ಸಾಲಿನಲ್ಲಿ ನಿಂತರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹದಿನೇಳು ಮಂದಿಯ ಕಿಡ್ನಿ ಸೋತಿದ್ದವು. ಎಲ್ಲರದೂ ಹಸಿರು ದೀಪ. ಸುದ್ದಿ ಪತ್ರಿಕೆಗೆ ಬಂತು, ವಿಧಾನಸಭೆಗೂ ಹೋಯಿತು. ಎರಡು ತಿಂಗಳ ಮೇಲೆ ವಿಚಾರಣಾ ಸಮಿತಿ ಹುಬ್ಬಳ್ಳಿಗೆ ಬಂತು. ಅಧ್ಯಕ್ಷೆ ಡಾಕ್ಟರ್ ಲಲಿತಾಂಬ ಎಂಬ ನಿವೃತ್ತ ವೈದ್ಯೆ.

ಮೇರುಬಲದ ವಕೀಲರು ತುಂಬ ಶಾಂತವಾಗಿ ಮಾತಾಡಿದರು. ಮೂತ್ರಪಿಂಡದ ವಿಷಯ ಸಂಸ್ಥೆಗೆ ಗೊತ್ತೇ ಇರಲಿಲ್ಲ, ಪತ್ರಿಕೆಯಲ್ಲಿ ಬಂದದ್ದು ಬರೀ ವದಂತಿ ಎಂದುಕೊಂಡಿದ್ದೆವು, ಗೊತ್ತಿದ್ದರೆ ಆ ದಿನವೇ ಸುಣ್ಣದ ಗುಳಿಗೆ ನಿಲ್ಲಿಸುತ್ತಿದ್ದೆವು ಎಂದರು. ಸುವರ್ಣಾಳನ್ನು ತೆಗೆದದ್ದು ಕಚೇರಿಯ ಕಾಗದ ಕದ್ದಿದ್ದಕ್ಕೆ. ಅದನ್ನು ತಿಳಿಸಿದವಳು ಸಹೋದ್ಯೋಗಿ ಮಂಜುಳಾ ಎಂದರು. ಮಂಜುಳಾ ಅಲ್ಲಿರಲಿಲ್ಲ. ತಾನೇ ತಿಳಿಸಿದ್ದೆಂದು ಸಂಸ್ಥೆ ಬರೆದ ಹೇಳಿಕೆಗೆ ಸಹಿ ಹಾಕಲು ಒಲ್ಲೆನೆಂದು ಅವಳು ಕೆಲಸ ಬಿಟ್ಟು ತಿಂಗಳಾಗಿತ್ತು. ಆದರೂ ಓಣಿಯಲ್ಲಿ ಅವಳ ಹೆಸರು ಕೆಟ್ಟುಹೋಗಿತ್ತು, ದ್ರೋಹಿ ಎಂದು ಹೆಂಗಸರು ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

ರಾಚೋಟೆಪ್ಪನನ್ನು ಕರೆದದ್ದು ದಾವಲಸಾಬನ ಸಾವಿನ ಸಾಕ್ಷಿಗೆ. ಸದ್ದು ಮೊದಲು, ಬಿದ್ದದ್ದು ಆಮೇಲೆ ಎಂದು ಹೇಳಿದ. ನೀವಿನ್ನು ಹೋಗಬಹುದು ಎಂದರು. ಅವನು ಏಳಲಿಲ್ಲ. ಮೂರನೆಯ ಸಾಲಿನಲ್ಲಿ ಸುವರ್ಣಾ ಕೂತಿದ್ದಳು. ಅವಳ ಕಡೆ ನೋಡದೆ ಹೇಳಿದ:

“ಮೂತ್ರಪಿಂಡದ ಸುದ್ದಿ ಇವರಿಗೆ ಮದ್ಲ ಗೊತ್ತಿತ್ರಿ ಅವ್ವಾರ. ಮಗಳನ್ನ ತಗದ ದಿನಾನ ಗೊತ್ತಿತ್ತು. ಯಾಕಂದ್ರ ಅವತ್ತ ಮುಂಜಾನೆ ನಾನ ಹೋಗಿ ನಿರಂಜನ ಸಾಹೇಬ್ರಿಗೆ ಹೇಳೇನಿ. ರಕ್ತಾ, ಉಚ್ಚಿ, ಗುಳಿಗಿ, ಪಟ್ಟಿ ಎಲ್ಲಾ. ಮಗಳ ಮ್ಯಾಲೆ ಸಂಶೇ ಪಟ್ಟು ಹೇಳೇನಿ. ಪಟ್ಟಿಯಾಗ ಎಷ್ಟು ಹೆಸರು ಅದಾವ ಅಂತ ಅವರು ಕೇಳಿದ್ರು, ಮೂವತ್ತೊಂದು ಅಂದೆ. ಮಂಜುಳಾ ಏನೂ ಹೇಳಿಲ್ಲ. ಆಮ್ಯಾಲೆ ಮತ್ತ ಎರಡೂವರಿ ತಿಂಗಳು ಅದ ಗುಳಿಗಿ ಮನಿ ಮನಿಗೆ ಕಳಿಸ್ಯಾರ.”

ವಕೀಲರು ಎದ್ದು ನಿಂತರು. ಡಾಕ್ಟರ್ ಲಲಿತಾಂಬ ಕೈಯೆತ್ತಿ ಅವರನ್ನು ತಡೆದು, ಆ ದಿನದ ಬಾಗಿಲ ಬಳಿಯ ಕ್ಯಾಮೆರಾ ದಾಖಲೆ ತರಿಸಲು ಹೇಳಿದರು. ನಿರಂಜನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತ ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ದಾಖಲೆ ಬಂತು, ಸಂಜೆಯ ಹೊತ್ತಿಗೆ ಗುತ್ತಿಗೆ ತಡೆಹಿಡಿದ ಆದೇಶವೂ ಬಂತು. ಉಡಿದಾರ ಕಟ್ಟಿದ ಎಲ್ಲರ ಕಿಡ್ನಿಯನ್ನೂ ಪರೀಕ್ಷಿಸಬೇಕೆಂದು, ಅಲ್ಲಿಯತನಕ ಗುಳಿಗೆ ಕೊಡಬಾರದೆಂದು ಅದರಲ್ಲಿತ್ತು.

ಹೊರಗೆ ಸಂಘದವರು ರಾಚೋಟೆಪ್ಪನ ಬೆನ್ನು ತಟ್ಟಲು ಬಂದರು. ಅವನು ಅವರನ್ನು ಸರಿಸಿಕೊಂಡು ಮಗಳ ಹತ್ತಿರ ಹೋದ. ಸುವರ್ಣಾ ಬೇವಿನ ಮರದ ಕೆಳಗೆ ನಿಂತಿದ್ದಳು.

“ಅಕಿ ಎರಡು ಸಲ ಬಂದಾಗ ನೀ ಅಲ್ಲೇ ಕುಂತಿದ್ದಿ.”

“ಕುಂತಿದ್ದೆ.”

“ನಾ ಬಾಗಲಾ ಹಾಕಿದ್ದು ನೋಡಿದಿ.”

“ನೋಡಿದೆ.”

“ನಡಿ” ಎಂದಳು ಸುವರ್ಣಾ.

“ಎಲ್ಲಿಗೆ?”

“ಅಕಿ ಮನಿಗೆ. ಸಮಿತಿ ಮುಂದ ಹೇಳಿದ್ರ ಮುಗೀಲಿಲ್ಲ.”

ಮಂಜುಳಾಳ ಮನೆ ಮೂರನೆಯ ಅಂತಸ್ತಿನಲ್ಲಿತ್ತು. ಲಿಫ್ಟು ಇರಲಿಲ್ಲ. ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ರಾಚೋಟೆಪ್ಪ ಕಟಾಂಜನಕ್ಕೆ ಎರಡೂ ಕೈ ಕೊಟ್ಟು, ಒಂದೊಂದೇ ಮೆಟ್ಟಿಲ ಮೇಲೆ ಎರಡೂ ಪಾದ ಊರಿ ನಿಂತು, ಮತ್ತೆ ಹತ್ತಿದ. ಪ್ರತಿ ಹೆಜ್ಜೆಗೂ ತೊಡೆಯೊಳಗೆ ಕಿವಿಗೊಡುತ್ತಿದ್ದ. ಸುವರ್ಣಾ ಕೈ ಹಿಡಿಯಲಿಲ್ಲ. ಆದರೆ ಒಂದು ಮೆಟ್ಟಿಲು ಹಿಂದೆ, ಅವನು ಹಿಂದಕ್ಕೆ ಒರಗಿದರೆ ಸಿಗುವಷ್ಟು ಹತ್ತಿರದಲ್ಲೇ ಬಂದಳು.

ಬಾಗಿಲು ತೆರೆದವಳು ಮಂಜುಳಾಳೇ. ಬಡಕಲಾಗಿದ್ದಳು. ಸುವರ್ಣಾಳನ್ನು ಕಂಡು ಅವಳ ಕೈ ಬಾಗಿಲ ಮೇಲೆ ಬಿಗಿಯಾಯಿತು.

“ಇನ್ನ ಏನು ಉಳದೈತಿ ಅಂತ ಬಂದಿ?” ಎಂದಳು.

ಸುವರ್ಣಾ ಒಂದು ಹೆಜ್ಜೆ ಹಿಂದೆ ಸರಿದಳು. ರಾಚೋಟೆಪ್ಪ ಏದುಸಿರು ಸುಧಾರಿಸಿಕೊಂಡು ಮುಂದೆ ಬಂದ.

“ನಿನ್ನ ಹೆಸರು ಕೆಡಿಸಿದಾಂವ ನಾನವ್ವಾ. ಒಳಗ ಕರೀಬ್ಯಾಡ. ನಿಂತಲ್ಲೇ ಹೇಳ್ತೇನಿ, ಪೂರಾ ಕೇಳು.”

ಮಂಜುಳಾ ಅವನನ್ನು ನೋಡಿದಳು, ಅವನ ಹಿಂದೆ ನಿಂತ ಗೆಳತಿಯನ್ನು ನೋಡಿದಳು. ಬಾಗಿಲನ್ನು ಮುಚ್ಚಲೂ ಇಲ್ಲ, ಪೂರ್ತಿ ತೆರೆಯಲೂ ಇಲ್ಲ.

“ಹೇಳ್ರಿ” ಎಂದಳು.

ರಾಚೋಟೆಪ್ಪ ಗೋಡೆಗೆ ಕೈ ಊರಿ, ಚೀಲ ತೆರೆದ ಭಾನುವಾರದಿಂದ ಶುರುಮಾಡಿದ.